ಶಾಸಕರಿಗೆ ಮನವಿ ಪತ್ರ ಸಾಕು, ಪ್ರಶ್ನೆ ಬರೆದುಕೊಡಿ

ಮನವಿ ಪತ್ರ ಕೊಡೋದು ನಮಗೆಲ್ಲ ಗೊತ್ತು. ಊರಿನ ಹತ್ತು ಮಂದಿ ಸೇರಿ ಗಾಡಿ ಮಾಡಿಕೊಂಡು ಶಾಸಕರ ಮನೆಗೆ ಹೋಗುತ್ತೇವೆ, ಶಾಲು ಹೊದಿಸುತ್ತೇವೆ, ಕಾಗದ ಕೊಡುವಾಗ ಎಲ್ಲರೂ ಅದಕ್ಕೆ ಒಂದೊಂದು ಕೈ ಮುಟ್ಟಿಸಿ ಫೋಟೊ ತೆಗೆಸಿಕೊಳ್ಳುತ್ತೇವೆ. ಸಾಹೇಬರು 'ಆಯ್ತು, ನೋಡೋಣ್ರಿ' ಅನ್ನುತ್ತಾರೆ. ಆ ಕಾಗದದ ಮೂಲೆಯಲ್ಲಿ 'ಪರಿಶೀಲಿಸಿ ಕ್ರಮ ವಹಿಸಿ' ಅಂತ ಒಂದು ಸಾಲು ಬೀಳುತ್ತದೆ. ಅಲ್ಲಿಗೆ ಮುಗೀತು. ಅದಕ್ಕೆ ಯಾರೂ ಉತ್ತರ ಕೊಡಲೇಬೇಕು ಅಂತಿಲ್ಲ.

ಅದೇ ವಿಷಯವನ್ನು ಅದೇ ಶಾಸಕರು ಸದನದಲ್ಲಿ ಪ್ರಶ್ನೆಯಾಗಿ ಹಾಕಿದರೆ ಕಥೆಯೇ ಬೇರೆ. ಅದು ವಿಧಾನಸಭೆ ಸಚಿವಾಲಯದಿಂದ ಇಲಾಖೆಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತದೆ. ಸರ್ಕಾರಿ ಆಫೀಸುಗಳಲ್ಲಿ ಇದಕ್ಕೆ 'ಎಲ್‌ಎಕ್ಯೂ' ಅನ್ನುತ್ತಾರೆ. ಆ ಮೂರು ಅಕ್ಷರ ಕೇಳಿದರೆ ಊಟಕ್ಕೆ ಎದ್ದ ಗುಮಾಸ್ತರೂ ವಾಪಸ್ ಕೂತು ಕಡತ ಬಿಚ್ಚುತ್ತಾರೆ. ಯಾಕಂದ್ರೆ ಉತ್ತರದ ಕೆಳಗೆ ಮಂತ್ರಿಯ ಸಹಿ ಬೀಳುತ್ತದೆ, ಮತ್ತು ಸದನಕ್ಕೆ ಬೇಕೆಂದೇ ತಪ್ಪು ಮಾಹಿತಿ ಕೊಟ್ಟರೆ ಹಕ್ಕುಚ್ಯುತಿಯ, ಅಂದರೆ ಸದನದ ಹಕ್ಕಿಗೆ ಧಕ್ಕೆ ತಂದರು ಅನ್ನುವ ಮಾತು ಬರುತ್ತದೆ. ಹಾಗಾಗಿ ನಿಮ್ಮ ಶಾಸಕರಿಗೆ ಪ್ರಶ್ನೆ ಕೊಡೋದು ಹೇಗೆ, ಯಾವ ಪ್ರಶ್ನೆ ಕೊಟ್ಟರೆ ಕೆಲಸಕ್ಕೆ ಬರುತ್ತದೆ ಅನ್ನೋದನ್ನ ಬರೆಯುತ್ತಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿ ಮಂದಿಗೆ ಇದು ಸ್ವಲ್ಪ ಜಾಸ್ತಿಯೇ ಬೇಕು. ಬೆಂಗಳೂರು ನಮಗೆ ಒಂದು ರಾತ್ರಿಯ ದೂರ, ಪ್ರತಿ ಸಲ ಹೋಗಿ ವಿಧಾನಸೌಧದ ಕಾರಿಡಾರಿನಲ್ಲಿ ನಿಲ್ಲೋಕೆ ಯಾರಿಗೂ ಆಗೋದಿಲ್ಲ.

ಮೊದಲು ಪ್ರಶ್ನೆಗಳ ಬಗೆ ಗೊತ್ತಿರಲಿ. ಚುಕ್ಕೆ ಗುರುತಿನ ಪ್ರಶ್ನೆ ಅಂದರೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕಾದದ್ದು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರೀ ಲಿಖಿತ ಉತ್ತರ. ಎಲ್ಲರಿಗೂ ಚುಕ್ಕೆಯದ್ದೇ ಬೇಕು, ಟಿವಿಯಲ್ಲಿ ಬರುತ್ತದಲ್ವಾ. ಆದರೆ ನಿಮಗೆ ಬೇಕಾಗಿರೋದು ಅಂಕಿ ಅಂಶ, ಹಳ್ಳಿವಾರು ಪಟ್ಟಿ, ದಿನಾಂಕ ಆದರೆ ಚುಕ್ಕೆ ಇಲ್ಲದ್ದೇ ಒಳ್ಳೇದು. ಮಂತ್ರಿಯ ಬಾಯಿಂದಲೇ ಒಂದು ಮಾತು ಹೊರಡಿಸಬೇಕು ಅಂದಾಗ ಮಾತ್ರ ಚುಕ್ಕೆಯದ್ದು. ಗಲಾಟೆ ಆಗಿ ಪ್ರಶ್ನೋತ್ತರ ಕಲಾಪವೇ ಕೊಚ್ಚಿ ಹೋದ ದಿನಗಳು ಕಮ್ಮಿ ಏನಿಲ್ಲ. ಅಂಥ ದಿನ ಬರೆದ ಉತ್ತರ ಉಳಿಯುತ್ತದೆ, ಉಪಪ್ರಶ್ನೆಯ ಅವಕಾಶ ಹೋಗುತ್ತದೆ. ಇನ್ನು ಪ್ರವಾಹ, ಬೆಳೆ ನಾಶ, ಕಾಲುವೆ ಒಡೆದದ್ದು ಇಂಥ ತುರ್ತು ವಿಷಯಕ್ಕೆ ಪ್ರಶ್ನೆಯ ದಾರಿ ನಿಧಾನ. ಅದಕ್ಕೆ ಗಮನ ಸೆಳೆಯುವ ಸೂಚನೆ ಇದೆ, ವಿಧಾನಸಭೆಯಲ್ಲಿ ನಿಯಮ 73ರಡಿ ಬರುತ್ತದೆ. ಅದೂ ಸಿಗದಿದ್ದರೆ ಶೂನ್ಯ ವೇಳೆ, ಅಂದರೆ ಪ್ರಶ್ನೋತ್ತರ ಮುಗಿದ ಮೇಲೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು. ಶೂನ್ಯ ವೇಳೆಯಲ್ಲಿ ಮಾತಾಡಿದ್ದು ಪೇಪರಿನಲ್ಲಿ ಬರುತ್ತದೆ, ಅದರಾಚೆ ಜಾಸ್ತಿ ನಿರೀಕ್ಷೆ ಬೇಡ.

ಯಾರ ಕೈಲಿ ಕೇಳಿಸೋದು? ನಿಮ್ಮ ಶಾಸಕರೇ ಅಂತ ಸುಲಭವಾಗಿ ಹೇಳಿಬಿಡಬಹುದಿತ್ತು. ಆದರೆ ಅವರು ಮಂತ್ರಿ ಆಗಿದ್ದರೆ ಪ್ರಶ್ನೆ ಕೇಳೋ ಹಾಗಿಲ್ಲ, ಅವರು ಉತ್ತರ ಕೊಡುವ ಸಾಲಿನಲ್ಲಿ ಕೂತಿರುತ್ತಾರೆ. 2023ರಲ್ಲಿ ಬಂದ ಸರ್ಕಾರದಲ್ಲಿ ಚಿತ್ತಾಪುರ, ಸೇಡಂ, ಭಾಲ್ಕಿ, ಬೀದರ್, ಶಹಾಪುರದ ಶಾಸಕರು ಮಂತ್ರಿಗಳಾದರು. ಊರಿಗೆ ಹೆಮ್ಮೆಯೇ, ಆದರೆ ಆ ಕ್ಷೇತ್ರದ ಮಂದಿಗೆ ಸದನದಲ್ಲಿ ಪ್ರಶ್ನೆ ಕೇಳುವ ಬಾಯಿ ಹೋಯಿತು ಅನ್ನೋದನ್ನ ಯಾರೂ ಯೋಚನೆ ಮಾಡೋದಿಲ್ಲ. ಸ್ಪೀಕರ್ ಆದವರೂ ಪ್ರಶ್ನೆ ಕೇಳುವುದಿಲ್ಲ. ಆಗ ಎರಡು ದಾರಿ. ಪಕ್ಕದ ಕ್ಷೇತ್ರದ ಶಾಸಕರನ್ನು ಹಿಡಿಯಿರಿ. ಜಿಲ್ಲೆಯ ಯಾವ ವಿಷಯವನ್ನಾದರೂ ಯಾವ ಸದಸ್ಯರಾದರೂ ಕೇಳಬಹುದು, ಅವರವರ ಕ್ಷೇತ್ರದ್ದೇ ಆಗಬೇಕು ಅಂತೇನಿಲ್ಲ. ಇಲ್ಲಾ ವಿಧಾನ ಪರಿಷತ್ತಿಗೆ ಹೋಗಿ. ನಮ್ಮ ಭಾಗಕ್ಕೆ ಈಶಾನ್ಯ ಪದವೀಧರ ಕ್ಷೇತ್ರ, ಈಶಾನ್ಯ ಶಿಕ್ಷಕರ ಕ್ಷೇತ್ರ ಇವೆ, ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬಂದವರೂ ಇರುತ್ತಾರೆ. ಪರಿಷತ್ ಸದಸ್ಯರ ಮನೆ ಮುಂದೆ ಜನ ಕಮ್ಮಿ, ಕೂತು ಓದೋಕೆ ಅವರಿಗೆ ಸಮಯ ಜಾಸ್ತಿ. ನೇಮಕಾತಿ, ಖಾಲಿ ಹುದ್ದೆ, ಶಾಲೆ ಕಾಲೇಜಿನ ವಿಷಯ ಆದರೆ ನಾನು ಮೊದಲು ಅಲ್ಲಿಗೇ ಹೋಗು ಅಂತ ಹೇಳುತ್ತೇನೆ. ಆಡಳಿತ ಪಕ್ಷದ ಶಾಸಕರು ತಮ್ಮದೇ ಸರ್ಕಾರಕ್ಕೆ ಪ್ರಶ್ನೆ ಕೇಳೋದಿಲ್ಲ ಅಂತ ಒಂದು ಮಾತಿದೆ. ಸುಳ್ಳು. ಚುಕ್ಕೆ ಇಲ್ಲದ ಪ್ರಶ್ನೆಗಳನ್ನು ಅವರೂ ರಾಶಿ ರಾಶಿ ಹಾಕುತ್ತಾರೆ. ಮುಜುಗರ ಆಗದ ಹಾಗೆ ಬರೆದುಕೊಡಬೇಕು ಅಷ್ಟೇ.

ಈಗ ಜಾಸ್ತಿ ಎಡವುವ ಜಾಗಕ್ಕೆ ಬರೋಣ: ಯಾವುದು ರಾಜ್ಯದ್ದು, ಯಾವುದು ಕೇಂದ್ರದ್ದು. ಕಲಬುರಗಿ ರೈಲ್ವೆ ವಿಭಾಗ ಯಾಕೆ ಆಗಿಲ್ಲ ಅಂತ ವಿಧಾನಸಭೆಯಲ್ಲಿ ಕೇಳಿದರೆ ಉತ್ತರ ಒಂದೇ ಸಾಲು, 'ಕೇಂದ್ರ ಸರ್ಕಾರದ ವ್ಯಾಪ್ತಿಗೆ ಬರುತ್ತದೆ'. ಪ್ರಶ್ನೆಯೂ ಹೋಯಿತು, ಅಧಿವೇಶನವೂ ಹೋಯಿತು. 2014ರಲ್ಲಿ ಅಡಿಗಲ್ಲು ಹಾಕಿದ ವಿಭಾಗ ಅದು. ಇವತ್ತಿಗೂ ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದಲ್ಲಿದೆ, ಸಿಟ್ಟು ಬರೋದು ಸಹಜ. ಆದರೆ ಸಿಟ್ಟನ್ನು ಪ್ರಶ್ನೆ ಮಾಡುವಾಗ ರಾಜ್ಯದ ಕೈಯಲ್ಲಿ ಇರೋದನ್ನು ಮಾತ್ರ ಕೇಳಬೇಕು. ವಿಭಾಗಕ್ಕಾಗಿ ರಾಜ್ಯ ಎಷ್ಟು ಎಕರೆ ಜಮೀನು ಕೊಟ್ಟಿದೆ? ಯಾವ ದಿನ ಹಸ್ತಾಂತರ ಆಯಿತು? ಕಳೆದ ಮೂರು ವರ್ಷದಲ್ಲಿ ರೈಲ್ವೆ ಸಚಿವಾಲಯಕ್ಕೆ ಎಷ್ಟು ಪತ್ರ ಬರೆದಿದೆ, ಅವುಗಳ ದಿನಾಂಕ ಏನು, ಏನು ಉತ್ತರ ಬಂತು, ಪ್ರತಿ ಕೊಡಿ. ಇದಕ್ಕೆ 'ವ್ಯಾಪ್ತಿಗೆ ಬರುವುದಿಲ್ಲ' ಅನ್ನೋಕೆ ಆಗೋದಿಲ್ಲ. ಪತ್ರ ಬರೆದಿದ್ದರೆ ಪ್ರತಿ ಕೊಡಬೇಕು, ಬರೆದಿಲ್ಲ ಅಂದರೆ ಬರೆದಿಲ್ಲ ಅನ್ನಬೇಕು. ಎರಡೂ ನಮಗೆ ಉಪಯೋಗದ ಉತ್ತರವೇ.

ತೊಗರಿಯೂ ಹಾಗೇ. ಬೆಂಬಲ ಬೆಲೆ ಎಷ್ಟು ಅಂತ ತೀರ್ಮಾನ ಮಾಡೋದು ಕೇಂದ್ರ. 2024-25ಕ್ಕೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು, 2025-26ಕ್ಕೆ 8,000 ಆಯಿತು. ಬೆಲೆ ಯಾಕೆ ಕಮ್ಮಿ ಅಂತ ರಾಜ್ಯದ ಮಂತ್ರಿಯನ್ನು ಕೇಳಿದರೆ ಅವರು ದೆಹಲಿ ಕಡೆ ಕೈ ತೋರಿಸುತ್ತಾರೆ. ಆದರೆ ಖರೀದಿ ಕೇಂದ್ರ ಯಾವ ಊರಿನಲ್ಲಿ ತೆರೆಯಬೇಕು, ನೋಂದಣಿ ಯಾವತ್ತಿಂದ, ಗೋಣಿ ಚೀಲ ಬಂತಾ, ರೈತರ ಖಾತೆಗೆ ದುಡ್ಡು ಬೀಳೋಕೆ ಎಷ್ಟು ದಿನ, ರಾಜ್ಯ ಮೇಲಿಂದ ಪ್ರೋತ್ಸಾಹಧನ ಕೊಡುತ್ತದಾ, ಇದೆಲ್ಲ ಇಲ್ಲಿಯೇ ಕೇಳಬೇಕಾದದ್ದು. ಪ್ರಶ್ನೆ ಹೋಗಬೇಕಾಗಿರೋದು ಕೃಷಿ ಸಚಿವರಿಗಲ್ಲ, ಕೃಷಿ ಮಾರುಕಟ್ಟೆ ಸಚಿವರಿಗೆ. ಇನ್ನೊಂದು ಮಾತು. ತೊಗರಿ ರಾಶಿ ಶುರುವಾಗೋದು ಡಿಸೆಂಬರ್ ಕೊನೆಗೆ, ಜನವರಿಗೆ. ಈ ಪ್ರಶ್ನೆ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಬರಬೇಕು. ಬಜೆಟ್ ಅಧಿವೇಶನಕ್ಕೆ ಬಿಟ್ಟರೆ ಅಷ್ಟೊತ್ತಿಗೆ ಸಣ್ಣ ರೈತರು ಸಾಲ ತೀರಿಸೋಕೆ ಗಂಜ್‌ಗೆ ಒಯ್ದು ಸಿಕ್ಕಷ್ಟಕ್ಕೆ ಮಾರಿ ಕೈ ತೊಳೆದುಕೊಂಡಿರುತ್ತಾರೆ.

ಬೆಳೆ ಪರಿಹಾರದಲ್ಲಿ ಎರಡೂ ಸರ್ಕಾರ ಇವೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಶೇ 75, ರಾಜ್ಯ ಶೇ 25 ಹಾಕುತ್ತವೆ. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರಿಗೆ ಮಾತ್ರ ಅಂತ 2022-23ರಿಂದ 2025-26ರವರೆಗಿನ ಕೇಂದ್ರದ ಮಾರ್ಗಸೂಚಿ. 2025ರ ಮಳೆಗಾಲದಲ್ಲಿ ನಮ್ಮ ಮೂರೂ ಜಿಲ್ಲೆಗಳ ಹೊಲ ನೀರಲ್ಲಿ ನಿಂತಾಗ ರಾಜ್ಯ ಇದರ ಮೇಲೆ ಹೆಚ್ಚುವರಿ ಹಣ ಘೋಷಿಸಿತು. ಹಾಗಾಗಿ ಇಲ್ಲಿ ಕೇಳಬೇಕಾದದ್ದು 'ಪರಿಹಾರ ಕೊಟ್ಟಿದ್ದೀರಾ' ಅಂತ ಅಲ್ಲ. ಜಂಟಿ ಸಮೀಕ್ಷೆಯಲ್ಲಿ ನಮ್ಮ ಹೋಬಳಿಯಲ್ಲಿ ಎಷ್ಟು ಹೆಕ್ಟೇರ್ ದಾಖಲಾಗಿದೆ, ಎಷ್ಟು ರೈತರಿಗೆ ಜಮಾ ಆಗಿದೆ, ಎಷ್ಟು ಜನರದ್ದು ಆಧಾರ್ ಜೋಡಣೆ ಅಥವಾ ಪಹಣಿ ಹೆಸರಿನ ತಕರಾರಿಗೆ ನಿಂತಿದೆ, ಇದರಲ್ಲಿ ಕೇಂದ್ರದ ಪಾಲೆಷ್ಟು ರಾಜ್ಯದ ಪಾಲೆಷ್ಟು. ಕೊನೆಯದು ಬಂದರೆ ಒಬ್ಬರ ಮೇಲೊಬ್ಬರು ಹಾಕುವ ಆಟ ನಿಲ್ಲುತ್ತದೆ.

ಪೂರ್ತಿ ಕೇಂದ್ರದ್ದೇ ಆದ ವಿಷಯಗಳೂ ಇವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯ ಇಎಸ್‌ಐ ಆಸ್ಪತ್ರೆ, ರಾಷ್ಟ್ರೀಯ ಹೆದ್ದಾರಿ, ರೈಲಿನ ಹೊಸ ನಿಲುಗಡೆ. ಇದಕ್ಕೆಲ್ಲ ಸಂಸದರ ಹತ್ತಿರ ಹೋಗಿ. ಸಂಸದರು ಯಾರು ಅನ್ನೋದರಲ್ಲೇ ನಮ್ಮಲ್ಲಿ ಗೊಂದಲ ಇದೆ. ಆಳಂದ, ಚಿಂಚೋಳಿ ಇರೋದು ಕಲಬುರಗಿ ಜಿಲ್ಲೆಯಲ್ಲಿ, ಲೋಕಸಭೆಗೆ ಮಾತ್ರ ಬೀದರ್. ಗುರುಮಠಕಲ್ ಯಾದಗಿರಿ ಜಿಲ್ಲೆ, ಲೋಕಸಭೆಗೆ ಕಲಬುರಗಿ. ಯಾದಗಿರಿ, ಶಹಾಪುರ, ಸುರಪುರದವರ ಸಂಸದರು ರಾಯಚೂರಿನವರು. 

ರಾಜ್ಯದ ಒಳಗೂ ಇಲಾಖೆ ತಪ್ಪಿದರೆ ಪ್ರಶ್ನೆ ಅತ್ತಿಂದಿತ್ತ ವರ್ಗಾವಣೆ ಆಗಿ ದಿನ ಕಳೆಯುತ್ತದೆ. ರಸ್ತೆ ಒಂದೇ ಥರ ಕಂಡರೂ ಹಳ್ಳಿ ರಸ್ತೆ ಗ್ರಾಮೀಣಾಭಿವೃದ್ಧಿಯದ್ದು, ಜಿಲ್ಲಾ ಮುಖ್ಯ ರಸ್ತೆ ಮತ್ತು ರಾಜ್ಯ ಹೆದ್ದಾರಿ ಲೋಕೋಪಯೋಗಿಯದ್ದು. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ ಅಂದರೆ ಜಲಸಂಪನ್ಮೂಲ, ಊರ ಕೆರೆ ಅಂದರೆ ಬಹಳ ಸಲ ಸಣ್ಣ ನೀರಾವರಿ. ಕೆಕೆಆರ್‌ಡಿಬಿ, ಅಂದರೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನ ವಿಷಯ ಯೋಜನಾ ಇಲಾಖೆಗೆ. ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗದವರಿಗೆ ಇರುವ ಉದ್ಯೋಗ ಮೀಸಲಾತಿಯ ವಿಷಯ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಗೆ.

ಸರಿ, ಬರೆಯೋದು ಹೇಗೆ. ಶಾಸಕರ ಆಫೀಸಿನಿಂದ ಹೋಗುವ ಪ್ರಶ್ನೆಗಳಲ್ಲಿ ಒಂದು ಹಳೇ ಅಚ್ಚು ಇದೆ. '(ಅ) ಇಂಥ ತಾಲ್ಲೂಕಿನ ರಸ್ತೆಗಳು ಹದಗೆಟ್ಟಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ. (ಆ) ಬಂದಿದ್ದಲ್ಲಿ, ಸರ್ಕಾರ ಕೈಗೊಂಡ ಕ್ರಮಗಳೇನು?' ದಯವಿಟ್ಟು ಹೀಗೆ ಬರೆಯಬೇಡಿ. (ಅ)ಗೆ 'ಇಲ್ಲ' ಅಂದುಬಿಟ್ಟರೆ (ಆ)ಗೆ 'ಉದ್ಭವಿಸುವುದಿಲ್ಲ' ಅಂತ ಉತ್ತರ ಬರುತ್ತದೆ. ಎರಡು ಪದದಲ್ಲಿ ಇಡೀ ಪ್ರಶ್ನೆ ಸತ್ತಿತು. 'ಬಂದಿದೆ' ಅಂದರೂ ಲಾಭ ಇಲ್ಲ, 'ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು' ಅಂತ ಮುಗಿಸುತ್ತಾರೆ. ವಿಧಾನಸಭೆಯ ಜಾಲತಾಣದಲ್ಲಿ ಹಳೇ ಪ್ರಶ್ನೋತ್ತರಗಳು ಸಿಗುತ್ತವೆ, ಒಂದು ಗಂಟೆ ಕೂತು ಓದಿ, ಈ ಎರಡು ಸಾಲು ಎಷ್ಟು ಸಲ ಕಾಣಿಸುತ್ತವೆ ಅಂತ ನಿಮಗೇ ಗೊತ್ತಾಗುತ್ತದೆ.

ಉಪಾಯ ಇಷ್ಟೇ. ಹೌದು ಇಲ್ಲ ಅನ್ನೋಕೆ ಆಗದ ಹಾಗೆ ಕೇಳಿ. ಪ್ರತಿ ಭಾಗವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಹಿಂದಿನದಕ್ಕೆ ಜೋತು ಬೀಳಬಾರದು. ಉತ್ತರ ಒಂದು ಸಂಖ್ಯೆ, ಒಂದು ದಿನಾಂಕ ಅಥವಾ ಒಂದು ಪಟ್ಟಿ ಆಗಿರಬೇಕು. ಕೆಕೆಆರ್‌ಡಿಬಿ ಬಗ್ಗೆ ನಾನಾದರೆ ಹೀಗೆ ಬರೆಯುತ್ತೇನೆ, ಊರಿನ ಹೆಸರು ನೀವು ಬದಲಿಸಿಕೊಳ್ಳಿ:

(ಅ) 2023-24ನೇ ಸಾಲಿನಿಂದ ಇಲ್ಲಿಯವರೆಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಅಫಜಲಪುರ ತಾಲ್ಲೂಕಿಗೆ ಮಂಜೂರಾದ ಕಾಮಗಾರಿಗಳು ಯಾವುವು. (ವರ್ಷವಾರು, ಗ್ರಾಮ ಪಂಚಾಯಿತಿವಾರು ವಿವರ ನೀಡುವುದು)
(ಆ) ಸದರಿ ಕಾಮಗಾರಿಗಳಿಗೆ ಹಂಚಿಕೆಯಾದ, ಬಿಡುಗಡೆಯಾದ ಹಾಗೂ ವೆಚ್ಚವಾದ ಮೊತ್ತ ಎಷ್ಟು, (ಪ್ರತ್ಯೇಕವಾಗಿ)
(ಇ) ಮಂಜೂರಾಗಿ ಒಂದು ವರ್ಷ ಕಳೆದರೂ ಪ್ರಾರಂಭವಾಗದ ಕಾಮಗಾರಿಗಳು ಯಾವುವು, ಕಾರಣವೇನು, ಅನುಷ್ಠಾನ ಸಂಸ್ಥೆ ಯಾವುದು;
(ಈ) ಅವುಗಳನ್ನು ಪೂರ್ಣಗೊಳಿಸಲು ನಿಗದಿಪಡಿಸಿದ ದಿನಾಂಕ ಯಾವುದು?

(ಆ) ಭಾಗದಲ್ಲಿ ಮೂರು ಮೊತ್ತ ಬೇರೆ ಬೇರೆ ಕೇಳಿದ್ದೇನೆ ನೋಡಿ. ಬಜೆಟ್‌ನಲ್ಲಿ ಮಂಡಳಿಗೆ 5,000 ಕೋಟಿ ಅಂತ ಘೋಷಣೆ ಆಗುತ್ತದೆ, ಚಪ್ಪಾಳೆ ಬೀಳುತ್ತದೆ. ಘೋಷಣೆ ಬೇರೆ, ಬಿಡುಗಡೆ ಬೇರೆ, ಖರ್ಚು ಬೇರೆ. 'ಅನುದಾನ ಎಷ್ಟು' ಅಂತ ಮಾತ್ರ ಕೇಳಿದರೆ ಎಲ್ಲಕ್ಕಿಂತ ದೊಡ್ಡ ಅಂಕಿಯನ್ನೇ ಕೊಟ್ಟು ಕಳಿಸುತ್ತಾರೆ.

371ಜೆ ಬಗ್ಗೆಯೂ ಇದೇ ಲೆಕ್ಕ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ವಿಧಿ ಇದು, 2013ರಿಂದ ಜಾರಿ. ಈ ಭಾಗದ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿಗೆ ಶೇ 75, ಸಿ ಗುಂಪಿಗೆ ಶೇ 80, ಡಿ ಗುಂಪಿಗೆ ಶೇ 85, ರಾಜ್ಯಮಟ್ಟದ ಕಚೇರಿಗಳಲ್ಲಿ ಶೇ 8 ಹುದ್ದೆ ನಮ್ಮವರಿಗೆ. 'ಸರಿಯಾಗಿ ಪಾಲಿಸಲಾಗುತ್ತಿದೆಯೇ' ಅಂತ ಕೇಳಿದರೆ 'ಪಾಲಿಸಲಾಗುತ್ತಿದೆ' ಅಂತಾರೆ, ಇನ್ನೇನು ಅಂದಾರು. ಅದರ ಬದಲು ಒಂದೇ ಇಲಾಖೆ ಹಿಡಿಯಿರಿ. ಆ ಇಲಾಖೆಯಲ್ಲಿ ಈ ಶೇ 8ರ ಲೆಕ್ಕಕ್ಕೆ ಬರುವ ಹುದ್ದೆ ಎಷ್ಟು, ಭರ್ತಿ ಆದದ್ದು ಎಷ್ಟು, ಖಾಲಿ ಎಷ್ಟು, ಯಾವ ದಿನಾಂಕದಿಂದ ಖಾಲಿ. ಜನ ನಮ್ಮ ಭಾಗದ ಶೇ 75, 80 ಅಂತ ಜಗಳ ಆಡುತ್ತಾರೆ, ಬೆಂಗಳೂರಿನ ಕಚೇರಿಗಳ ಈ ಶೇ 8ನ್ನು ಕೇಳುವವರೇ ಕಮ್ಮಿ. ಇನ್ನೊಂದು, ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು ಅಂತ ಆ ವಿಧಿಯಲ್ಲೇ ಬರೆದಿದೆ. ಯಾವ ಯಾವ ವರ್ಷದ ವರದಿ ಯಾವ ದಿನಾಂಕದಂದು ಮಂಡನೆಯಾಯಿತು ಅನ್ನೋದು ಒಂದೇ ಸಾಲಿನ ಪ್ರಶ್ನೆ. ಯಾವ ಪಕ್ಷದ ಶಾಸಕರೂ ಕೇಳಬಹುದು.

ಕೆಲವು ಮಾತು ಹಾಕಿದರೆ ಪ್ರಶ್ನೆ ತಿರಸ್ಕಾರ ಆಗುತ್ತದೆ. ಆರೋಪ, ಬೈಗುಳ, 'ಒಂದು ವೇಳೆ' ಅನ್ನುವ ಊಹೆ, ಕೋರ್ಟಿನಲ್ಲಿ ನಡೆಯುತ್ತಿರುವ ವಿಷಯ ಬೇಡ. ಬೀದರ್ ಜಿಲ್ಲೆಯ ಕಾರಂಜಾ ಜಲಾಶಯಕ್ಕೆ ಜಮೀನು ಕಳೆದುಕೊಂಡ ಸಂತ್ರಸ್ತರ ಪರಿಹಾರದಂಥ ವಿಷಯ ಎತ್ತುವಾಗ ಇದನ್ನು ನೋಡಿಕೊಳ್ಳಿ. ಪ್ರಕರಣದ ಒಳಗೆ ಕೈ ಹಾಕದೆ, ಜಮೀನು ಕಳೆದುಕೊಂಡವರ ಪಟ್ಟಿ, ಇಲ್ಲಿಯವರೆಗೆ ಕೊಟ್ಟ ಹಣ, ಕೊಟ್ಟ ವರ್ಷ ಇಷ್ಟನ್ನು ಕೇಳಬಹುದು. ತೀರಾ ದೊಡ್ಡ ವ್ಯಾಪ್ತಿ ಹಾಕಿದರೂ ಕೆಟ್ಟಿತು. ಇಡೀ ರಾಜ್ಯದ ಹತ್ತು ವರ್ಷದ ವಿವರ ಕೇಳಿದರೆ 'ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ' ಅಂತ ಬರುತ್ತದೆ. ಒಂದು ತಾಲ್ಲೂಕು, ಮೂರು ವರ್ಷ ಸಾಕು.

ಪ್ರಶ್ನೆಗೆ ಮುಂಚೆ ಒಂದು ಮಾಹಿತಿ ಹಕ್ಕು ಅರ್ಜಿ ಹಾಕಿದ್ದರೆ ಒಳ್ಳೇದು. 10 ರೂಪಾಯಿ, 30 ದಿನ, ನಮ್ಮ ರಾಜ್ಯದ ನಿಯಮದಲ್ಲಿ 150 ಪದದೊಳಗೆ ಒಂದೇ ವಿಷಯ. ಅದಕ್ಕೆ ಬಂದ ಉತ್ತರವನ್ನು ಪ್ರಶ್ನೆಯ ಜೊತೆ ಶಾಸಕರಿಗೆ ಕೊಡಿ. ಆಮೇಲೆ ಮಂತ್ರಿಯ ಉತ್ತರ ಬೇರೆ ಬಂದರೆ ಉಪಪ್ರಶ್ನೆ ತಾನಾಗಿಯೇ ಸಿಕ್ಕಿತು.

ಕೊಡೋದು ಹೇಗೆ ಅನ್ನೋದೂ ಮುಖ್ಯ. ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ಏನೂ ಉಪಯೋಗ ಆಗೋದಿಲ್ಲ. ಉತ್ತರದ ದಿನಕ್ಕಿಂತ ಸಾಕಷ್ಟು ದಿನ ಮೊದಲೇ ಸೂಚನೆ ಸಚಿವಾಲಯಕ್ಕೆ ಸೇರಬೇಕು. ಚುಕ್ಕೆಯವು ಲಾಟರಿಯಲ್ಲಿ ಬೇರೆ ಬರಬೇಕು. ಸಾಮಾನ್ಯವಾಗಿ ಬಜೆಟ್ ಹೊತ್ತಿಗೆ, ಮಳೆಗಾಲದಲ್ಲಿ, ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ಸೌಧದಲ್ಲಿ ಅಧಿವೇಶನ ನಡೆಯುತ್ತದೆ. ದಿನಾಂಕ ಪೇಪರಿನಲ್ಲಿ ಬಂದ ದಿನವೇ ನಿಮ್ಮ ಕಾಗದ ತಯಾರಿರಬೇಕು. ಶಾಸಕರಿಗಿಂತ ಮೊದಲು ಅವರ ಪಿಎ ಜೊತೆ ಮಾತಾಡಿ, ಪ್ರಶ್ನೆ ಟೈಪ್ ಮಾಡಿ ಸಹಿ ಹಾಕಿಸಿ ಕಳಿಸೋದು ಅವರೇ. 'ಸರ್, ಪ್ರಶ್ನೆ ರೆಡಿ ಅದ ರಿ, ವಾಟ್ಸಾಪ್‌ನಾಗ ಕಳಿಸೀನಿ, ಸಾಹೇಬ್ರ ಸಹಿ ಆದ್ರ ಸಾಕು' ಅಂದರೆ ಅವರ ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗಾಯಿತು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಹಾಳೆಯ ಫೋಟೊ ತೆಗೆದು ಕಳಿಸಬೇಡಿ. ಒಂದು ಸಲಕ್ಕೆ ಒಂದೋ ಎರಡೋ ಪ್ರಶ್ನೆ. ಹನ್ನೆರಡು ಕೊಟ್ಟರೆ ಅವರಿಗೆ ಬೇಕಾದ ಸಪ್ಪೆ ಪ್ರಶ್ನೆಯನ್ನೇ ಆರಿಸಿಕೊಳ್ಳುತ್ತಾರೆ.

ಚುಕ್ಕೆ ಗುರುತಿನದ್ದು ಲಾಟರಿಯಲ್ಲಿ ಬಂತು ಅಂತಿಟ್ಟುಕೊಳ್ಳಿ. ಆಗ ಶಾಸಕರಿಗೆ ಒಂದೇ ಒಂದು ಹಾಳೆ ಕೊಡಿ, ದೊಡ್ಡ ಅಕ್ಷರದಲ್ಲಿ. ಮೇಲೆ ಎರಡು ಸಾಲು ಹಿನ್ನೆಲೆ, ಕೆಳಗೆ ಎರಡು ಉಪಪ್ರಶ್ನೆ. ಒಂದು ಮಂತ್ರಿ ಒಪ್ಪಿಕೊಂಡರೆ ಕೇಳೋಕೆ, ಅಂದರೆ 'ಯಾವ ತಿಂಗಳೊಳಗೆ'. ಇನ್ನೊಂದು ಅಲ್ಲಗಳೆದರೆ ಕೇಳೋಕೆ, ಮಾಹಿತಿ ಹಕ್ಕಿನ ಉತ್ತರದ ಸಂಖ್ಯೆ ಸಮೇತ. ಭಾಷಣ ಬರೆದುಕೊಡಬೇಡಿ. ಅವರು ಭಾಷಣ ಶುರು ಮಾಡಿದರೆ ಸ್ಪೀಕರ್ 'ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ' ಅಂತಾರೆ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಉತ್ತರ ಬಂದ ಮೇಲೆ ಅರ್ಧ ಮಂದಿ ಸುಮ್ನೆ ಆಗಿಬಿಡುತ್ತಾರೆ. ಅಸಲಿ ಕೆಲಸ ಅಲ್ಲಿಂದಲೇ. ಮೊದಲು 'ಅನುಬಂಧ' ಕೇಳಿ ತೆಗೆದುಕೊಳ್ಳಿ, ಮುಖ್ಯ ಉತ್ತರದಲ್ಲಿ 'ಅನುಬಂಧದಲ್ಲಿ ಒದಗಿಸಿದೆ' ಅಂತಷ್ಟೇ ಇರುತ್ತದೆ, ಸರಕೆಲ್ಲ ಅದರೊಳಗೆ. ನಿಮ್ಮ ಪಂಚಾಯಿತಿಯ ಹಾಳೆ ಮಾತ್ರ ಪ್ರಿಂಟ್ ತೆಗೆದು, ಪಟ್ಟಿಯಲ್ಲಿ 'ಪೂರ್ಣಗೊಂಡಿದೆ' ಅಂತ ಇರುವ ಕಾಮಗಾರಿಯ ಜಾಗಕ್ಕೆ ಹೋಗಿ ನೋಡಿ. ಸಮುದಾಯ ಭವನ ಪೂರ್ಣ ಅಂತ ಬರೆದಿದ್ದು ಅಲ್ಲಿ ಬರೀ ಪಾಯ ಇದ್ದರೆ, ದಿನಾಂಕ ಕಾಣುವ ಫೋಟೊ ತೆಗೆದು ಅದೇ ಶಾಸಕರಿಗೆ ಕೊಡಿ. ಸದನಕ್ಕೆ ತಪ್ಪು ಮಾಹಿತಿ ಅನ್ನೋದನ್ನ ಯಾವ ಶಾಸಕರೂ ಹಗುರವಾಗಿ ತೆಗೆದುಕೊಳ್ಳೋದಿಲ್ಲ, ಯಾಕಂದ್ರೆ ಅದು ಅವರ ಮರ್ಯಾದೆಯ ಪ್ರಶ್ನೆಯೂ ಹೌದು.

ಮಂತ್ರಿ ಸದನದಲ್ಲಿ 'ಮಾಡಿಕೊಡುತ್ತೇವೆ' ಅಂದಿದ್ದರೆ ಅದು ಭರವಸೆ. ಅದನ್ನು ಬೆನ್ನು ಹತ್ತೋಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಆ ಮಾತು ಸಮಿತಿಯ ಪಟ್ಟಿಗೆ ಸೇರಿದೆಯಾ ಅಂತ ಶಾಸಕರಿಂದ ವಿಚಾರಿಸಿ. 'ಪರಿಶೀಲನೆಯಲ್ಲಿದೆ' ಅಂತ ಬಂದಿದ್ದರೆ ಮುಂದಿನ ಅಧಿವೇಶನಕ್ಕೆ ಹಳೇ ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ ಹಾಕಿ, 'ಸದರಿ ಪರಿಶೀಲನೆ ಯಾವ ದಿನಾಂಕದಂದು ಮುಗಿಯಿತು, ಕೈಗೊಂಡ ತೀರ್ಮಾನದ ಪ್ರತಿ ಒದಗಿಸುವುದು' ಅಂತ ಮತ್ತೆ ಕಳಿಸಿ. ಆ ಶಾಸಕರು ಬೇಸರ ಮಾಡಿಕೊಂಡರೆ ಈ ಸಲ ಪರಿಷತ್ ಸದಸ್ಯರ ಕೈಲಿ ಹಾಕಿಸಿ.